ನೀರು ನುಡಿದ ಸಾಕ್ಷ್ಯ: ಇಲಿಯ ಮಿದುಳಿನಲ್ಲಿ ನರತಂತುಗಳು ಬೆಳೆಯುವ ಬಗೆ

(ಹಾಸನದ ಕಾಲೇಜೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆ ಶುರುವಾಗುವ ಮುಂಚೆಯೇ ಮೂವರು ತಮ್ಮ ಎಂಆರ್‌ಐ ಫಿಲ್ಮುಗಳ ದೊಡ್ಡ ಲಕೋಟೆ ಹಿಡಿದು ನನ್ನ ಬಳಿ ಬಂದರು. ಒಬ್ಬರದು ಸೊಂಟ, ಇಬ್ಬರದು ಮಂಡಿ. ಆಹ್ವಾನ ಪತ್ರಿಕೆಯಲ್ಲಿ ‘ಮಿದುಳು ಸ್ಕ್ಯಾನಿಂಗ್ ತಜ್ಞರಿಂದ ಉಪನ್ಯಾಸ’ ಎಂದು ಅಚ್ಚಾಗಿತ್ತು, ಆದ್ದರಿಂದ ತಪ್ಪು ಅವರದಲ್ಲ. ನಾನು ವೈದ್ಯನಲ್ಲ, ಸ್ಕ್ಯಾನ್ ಮಾಡುವುದು ಇಲಿಗಳ ತಲೆಯನ್ನು ಎಂದಾಗ ಅರಕಲಗೂಡಿನ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಲಕೋಟೆಯನ್ನು ಮತ್ತೆ ಕಂಕುಳಿಗೆ ಸೇರಿಸಿ, ‘ಇಲಿಗೆ ಏನು ಕಾಯಿಲೆ ಸ್ವಾಮಿ?’ ಎಂದು ಕೇಳಿದರು. ಬರೆದು ತಂದಿದ್ದ ಪೀಠಿಕೆಯನ್ನು ಅಲ್ಲಿಗೇ ಕೈಬಿಟ್ಟೆ. ಅಂದು ಒಂದೂವರೆ ಗಂಟೆ ನಾನು ಹೇಳಿದ್ದೆಲ್ಲ ಅವರ ಪ್ರಶ್ನೆಗೆ ಕೊಟ್ಟ ಉತ್ತರವೇ.

ಬಹುಪಾಲು ಇಲಿಗಳಿಗೆ ಕಾಯಿಲೆ ಏನೂ ಇರುವುದಿಲ್ಲ. ನಮಗೆ ಬೇಕಾದದ್ದು ಅವುಗಳ ಬಾಲ್ಯ. ನಾನು ಹೇಳುತ್ತಿರುವುದು ಹೆಗ್ಗಣದ ವಿಷಯವಲ್ಲ, ಅಡುಗೆಮನೆಯ ಸಣ್ಣ ಇಲಿಯ ವಿಷಯ. ತಾಯಿಯ ಹೊಟ್ಟೆಯಲ್ಲಿ ಅದು ಇರುವುದು 19–20 ದಿನ ಮಾತ್ರ. ಹುಟ್ಟಿದಾಗ ಮೈಮೇಲೆ ಕೂದಲಿಲ್ಲ, ಕಣ್ಣು ಮುಚ್ಚಿರುತ್ತದೆ, ಕಿವಿ ಅಂಟಿಕೊಂಡಿರುತ್ತದೆ. ಎರಡು ವಾರಕ್ಕೆ ಕಣ್ಣು ಬಿಡುತ್ತದೆ, ಮೂರು ವಾರಕ್ಕೆ ತಾಯಿಯ ಹಾಲು ಬಿಡುತ್ತದೆ. ನಮ್ಮ ರೈತರು ಆಲೂಗಡ್ಡೆ ನೆಟ್ಟು ಮಣ್ಣೇರಿಸುವ ಹೊತ್ತಿಗೆ ಒಂದು ಇಲಿಯ ಬಾಲ್ಯ ಮುಗಿದಿರುತ್ತದೆ. ಮನುಷ್ಯನ ಮಗುವಿನಲ್ಲಿ ವರ್ಷಗಟ್ಟಲೆ ಹಿಡಿಯುವ ಕೆಲಸವನ್ನು ಅಲ್ಲಿ ದಿನಗಳ ಲೆಕ್ಕದಲ್ಲಿ ನೋಡಬಹುದು.

ಯಾವ ಕೆಲಸ? ತಲೆಯೊಳಗೆ ತಂತಿ ಎಳೆಯುವ ಕೆಲಸ. ನರಕೋಶದಿಂದ ಹೊರಡುವ ಉದ್ದನೆಯ ಎಳೆಗೆ ಆಕ್ಸಾನ್ ಎನ್ನುತ್ತಾರೆ. ಮೊದಲು ಆ ಎಳೆ ತನ್ನ ಊರು ಹುಡುಕಿಕೊಂಡು ಹೋಗಬೇಕು. ಆಮೇಲೆ ಅದರ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತಿಕೊಳ್ಳಬೇಕು. ಬಾಳೆಗಿಡವನ್ನು ಅಡ್ಡಲಾಗಿ ಕಡಿದು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ನಡುವೆ ದಿಂಡು, ಅದರ ಸುತ್ತ ಪಟ್ಟೆಯ ಮೇಲೆ ಪಟ್ಟೆ. ಹೊದಿಕೆ ಇಲ್ಲದ ತೆಳು ಎಳೆಯಲ್ಲಿ ಸಂದೇಶ ಸೆಕೆಂಡಿಗೆ ಒಂದೆರಡು ಮೀಟರ್ ಸಾಗಿದರೆ, ಹೊದಿಕೆ ಇರುವ ದಪ್ಪ ಎಳೆಯಲ್ಲಿ ನೂರು ಮೀಟರಿನವರೆಗೂ ಹೋಗುತ್ತದೆ. ಇಲಿಯ ಮಿದುಳಿಗೆ ಈ ಹೊದಿಕೆಯ ಬಹುಭಾಗ ಬರುವುದು ಹುಟ್ಟಿದ ಮೇಲೆ, ಅದರಲ್ಲೂ ಎರಡನೆಯ ಮತ್ತು ಮೂರನೆಯ ವಾರಗಳಲ್ಲಿ. ಮನುಷ್ಯರಲ್ಲಿ ಇದೇ ಕೆಲಸ ಇಪ್ಪತ್ತು ವರ್ಷ ದಾಟಿದ ಮೇಲೂ ನಡೆದಿರುತ್ತದೆ. ಸಭೆಯಲ್ಲಿದ್ದ ವಿದ್ಯಾರ್ಥಿಗಳಿಗೆ ಈ ಮಾತು ಹಿತವೆನಿಸಿದಂತೆ ಕಂಡಿತು.

ಹಿಂದಿನವರು ಇದನ್ನು ಹೇಗೆ ನೋಡುತ್ತಿದ್ದರು? ಕತ್ತರಿಸಿ, ಬಣ್ಣ ಹಾಕಿ. 1873ರಲ್ಲಿ ಇಟಲಿಯ ಕಮಿಲೊ ಗಾಲ್ಜಿ ಬೆಳ್ಳಿಯ ಲವಣದಿಂದ ನರಕೋಶಗಳನ್ನು ಕಪ್ಪಾಗಿಸುವ ವಿಧಾನ ಕಂಡುಹಿಡಿದ. ಸ್ಪೇನಿನ ಕಾಹಲ್ ಅದೇ ವಿಧಾನವನ್ನು ಹಿಡಿದು ಜೀವಮಾನವೆಲ್ಲ ಕುಳಿತು ಚಿತ್ರ ಬಿಡಿಸಿದ. 1906ರ ನೊಬೆಲ್ ಅನ್ನು ಇಬ್ಬರೂ ಹಂಚಿಕೊಂಡರು, ನರಮಂಡಲದ ರಚನೆಯ ಬಗ್ಗೆ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಸೂಕ್ಷ್ಮದರ್ಶಕಕ್ಕೆ ಇಂದಿಗೂ ಸಾಟಿಯಿಲ್ಲ. ಆದರೆ ಒಮ್ಮೆ ಕತ್ತರಿಸಿದ ಮಿದುಳು ನಾಳೆ ಬೆಳೆಯುವುದಿಲ್ಲ. ಐದನೆಯ ದಿನ ನೋಡಿದ ಇಲಿಯನ್ನೇ ಹತ್ತನೆಯ ದಿನವೂ ನೋಡಬೇಕಾದರೆ ಬೇರೆ ದಾರಿ ಬೇಕು.

ಹಾಸನದವರಿಗೆ ಆ ದಾರಿ ವಿಚಿತ್ರವೆನಿಸಬಾರದು. ಇಲ್ಲಿನ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಯಾರೂ ಕಣ್ಣಿನಿಂದ ನೋಡಿಕೊಂಡು ನಡೆಸುವುದಿಲ್ಲ, ರೇಡಿಯೊ ಸಂಕೇತದಿಂದ ಅವುಗಳ ಸ್ಥಿತಿ ತಿಳಿಯುತ್ತಾರೆ. ಎಂಆರ್‌ಐ ಕೂಡ ರೇಡಿಯೊ ಕೆಲಸವೇ. ಬಲವಾದ ಕಾಂತಕ್ಷೇತ್ರದಲ್ಲಿಟ್ಟಾಗ ನೀರಿನಲ್ಲಿರುವ ಹೈಡ್ರೋಜನ್‌ನ ಬೀಜ, ಅಂದರೆ ಪ್ರೋಟಾನು, ಒಂದು ನಿರ್ದಿಷ್ಟ ಕಂಪನಾಂಕದಲ್ಲಿ ಅನುರಣಿಸುತ್ತದೆ. ಕಾಂತಕ್ಷೇತ್ರದ ಬಲವನ್ನು ಟೆಸ್ಲಾ ಎಂಬ ಮಾನದಲ್ಲಿ ಅಳೆಯುತ್ತಾರೆ. ಆಸ್ಪತ್ರೆಯ 1.5 ಟೆಸ್ಲಾ ಯಂತ್ರದಲ್ಲಿ ಅದು ಸುಮಾರು 64 ಮೆಗಾಹರ್ಟ್ಸ್. ಇಲಿಗಳಿಗೆ ಬಳಸುವ 9.4 ಟೆಸ್ಲಾ ಯಂತ್ರದಲ್ಲಿ 400. ನಿಮ್ಮ ಎಫ್‌ಎಂ ರೇಡಿಯೊ ಇರುವುದು ಇವೆರಡರ ನಡುವೆ, 88ರಿಂದ 108ರಲ್ಲಿ.

ಸಾಮಾನ್ಯ ಎಂಆರ್‌ಐನಲ್ಲಿ ಎಳೆಯ ಮಿದುಳು ಮಂಕಾಗಿ ಕಾಣುತ್ತದೆ. ತಂತುಗಳು ತುಂಬಿದ ಬಿಳಿ ದ್ರವ್ಯಕ್ಕೂ ನರಕೋಶಗಳು ತುಂಬಿದ ಬೂದು ದ್ರವ್ಯಕ್ಕೂ ನಡುವೆ ಎದ್ದು ಕಾಣುವ ವ್ಯತ್ಯಾಸ ಬರುವುದು ಬಹುಮಟ್ಟಿಗೆ ಮಯಲಿನ್‌ನಿಂದ, ಅದೇ ಇನ್ನೂ ಬಂದಿಲ್ಲವಲ್ಲ. ಹಾಗಾಗಿ ನಾವು ನೀರಿನ ಬಣ್ಣ ಕೇಳುವುದನ್ನು ಬಿಟ್ಟು ನೀರಿನ ನಡೆ ಕೇಳುತ್ತೇವೆ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ನೀರಿನಲ್ಲಿ ಪರಾಗದಿಂದ ಹೊರಬಿದ್ದ ಸೂಕ್ಷ್ಮ ಕಣಗಳು ಸುಮ್ಮನಿರದೆ ಓಲಾಡುವುದನ್ನು ಕಂಡ. ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುವುದೇ ಅದಕ್ಕೆ ಕಾರಣವೆಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿ ತೋರಿಸಿದರು. ಮಿದುಳಿನ ಮುಕ್ಕಾಲು ಪಾಲು ನೀರು. ಆ ನೀರೂ ಹೀಗೆಯೇ ಅಲೆಯುತ್ತಿರುತ್ತದೆ.

ಇಲ್ಲಿ ನಾನೊಂದು ಪ್ರದರ್ಶನ ಇಟ್ಟುಕೊಂಡಿದ್ದೆ. ಆಲೂಗಡ್ಡೆಯ ಬಿಲ್ಲೆಯ ಮೇಲೆ ಒಂದು ತೊಟ್ಟು ಶಾಯಿ, ಒಣಗಿದ ಬಾಳೆಪಟ್ಟೆಯ ಮೇಲೆ ಇನ್ನೊಂದು ತೊಟ್ಟು. ಬಿಲ್ಲೆಯ ಮೇಲೆ ಶಾಯಿ ಗುಂಡಗೆ ಹರಡಿತು, ಪಟ್ಟೆಯ ಮೇಲೆ ನಾರಿನ ಉದ್ದಕ್ಕೆ ಓಡಿತು. ಚಪ್ಪಾಳೆ ಬಂತು. ಅದು ಅಡಗುವ ಮೊದಲೇ ಎರಡನೆಯ ಸಾಲಿನಲ್ಲಿದ್ದ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಎದ್ದು ನಿಂತರು: ‘ಬಾಳೆಪಟ್ಟೆಯಲ್ಲಿ ಆದದ್ದು ಕೇಶಾಕರ್ಷಣೆ. ನೀವು ಹೇಳುತ್ತಿರುವುದು ವಿಸರಣ. ಎರಡೂ ಒಂದೇ ಅಲ್ಲ.’ ಅವರ ಮಾತು ಸರಿ. ಪಟ್ಟೆಯ ನಾರು ಶಾಯಿಯನ್ನು ಎಳೆದುಕೊಂಡು ಹೋಗುತ್ತದೆ, ಮಿದುಳಿನ ತಂತು ನೀರನ್ನು ಎಳೆಯುವುದಿಲ್ಲ, ಅಡ್ಡ ಹೋಗದಂತೆ ತಡೆಯುತ್ತದೆ ಅಷ್ಟೇ. ಬಹಳ ವರ್ಷಗಳಿಂದ ಈ ಪ್ರದರ್ಶನ ಮಾಡುತ್ತಾ ಬಂದಿದ್ದೇನೆ, ಯಾರೂ ಹಿಡಿದಿರಲಿಲ್ಲ.

ಆಗ ನಾನು ಹಾಸನಾಂಬೆಯ ಸರತಿಯ ಮೊರೆ ಹೋದೆ. ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವು ದಿನ ಮಾತ್ರ ಬಾಗಿಲು ತೆರೆಯುವ ಗುಡಿ. ದರ್ಶನಕ್ಕೆ ನಿಂತವರನ್ನು ರಾತ್ರಿ ಹೊತ್ತು ಎತ್ತರದಿಂದ ನೋಡುತ್ತಿದ್ದೀರಿ ಎಂದುಕೊಳ್ಳಿ. ಕಟಕಟೆಗಳು ಕತ್ತಲಲ್ಲಿ ಕಾಣುವುದಿಲ್ಲ. ಪ್ರತಿಯೊಬ್ಬರ ಕೈಯಲ್ಲಿರುವ ಮೊಬೈಲ್ ಬೆಳಕು ಮಾತ್ರ ಕಾಣುತ್ತದೆ. ಬಯಲಿನಲ್ಲಿರುವವರ ಬೆಳಕು ಎತ್ತೆತ್ತಲೋ ಅಲೆಯುತ್ತದೆ. ಸರತಿಯೊಳಗಿನವರ ಬೆಳಕು ಮುಂದೆ ಹಿಂದೆ ಮಾತ್ರ ಸರಿಯುತ್ತದೆ, ಪಕ್ಕಕ್ಕೆ ಹೋಗುವಂತಿಲ್ಲ. ಬೆಳಕಿನ ನಡೆಯನ್ನಷ್ಟೇ ನೋಡಿ ಕಟಕಟೆ ಎಲ್ಲಿದೆ, ಯಾವ ದಿಕ್ಕಿಗಿದೆ ಎಂದು ನೀವು ಕಾಗದದ ಮೇಲೆ ಗೆರೆ ಎಳೆಯಬಹುದು. ಕಟಕಟೆಯನ್ನು ನೀವು ನೋಡಿಯೇ ಇಲ್ಲ! ಮೇಷ್ಟ್ರು ಇದಕ್ಕೆ ಒಪ್ಪಿದರು. ‘ವಿಐಪಿ ಪಾಸಿನವರು?’ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಅವರೂ ಲೆಕ್ಕಕ್ಕೆ ಬರುತ್ತಾರೆ. ತಂತುವಿನ ಗೋಡೆ ಪೂರ್ತಿ ಬಿಗಿಯಲ್ಲ, ಸ್ವಲ್ಪ ನೀರು ಪಕ್ಕಕ್ಕೂ ನುಸುಳುತ್ತದೆ.

ನೀರಿನ ಈ ನಡೆಯನ್ನು ಯಂತ್ರ ಅಳೆಯುವ ಉಪಾಯ 1965ರದ್ದು, ಸ್ಟೆಯ್ಸ್‌ಕಲ್ ಮತ್ತು ಟ್ಯಾನರ್ ಎಂಬಿಬ್ಬರದು. ಕಾಂತಕ್ಷೇತ್ರವನ್ನು ಕ್ಷಣಕಾಲ ಒಂದು ದಿಕ್ಕಿನಲ್ಲಿ ಇಳಿಜಾರಾಗಿಸುತ್ತಾರೆ. ಆಗ ಪ್ರತಿ ಪ್ರೋಟಾನಿನ ಮೇಲೂ ಅದು ನಿಂತಿರುವ ಜಾಗಕ್ಕೆ ತಕ್ಕ ಗುರುತು ಬೀಳುತ್ತದೆ. ಕೆಲವು ಮಿಲಿಸೆಕೆಂಡು ಬಿಟ್ಟು ಆ ಗುರುತನ್ನು ಅಳಿಸುವಂಥ ಅಷ್ಟೇ ತೂಕದ ಇನ್ನೊಂದು ಇಳಿಜಾರು. ನಿಂತಲ್ಲೇ ನಿಂತ ಪ್ರೋಟಾನಿನ ಲೆಕ್ಕ ಸೊನ್ನೆಯಾಗುತ್ತದೆ. ಜಾಗ ಬದಲಿಸಿದ್ದರ ಲೆಕ್ಕ ತಾಳೆಯಾಗುವುದಿಲ್ಲ, ಅಷ್ಟರಮಟ್ಟಿಗೆ ಸಂಕೇತ ಕುಗ್ಗುತ್ತದೆ. ಯಾವ ದಿಕ್ಕಿನಲ್ಲಿ ಕೇಳಿದಾಗ ಸಂಕೇತ ಹೆಚ್ಚು ಕುಗ್ಗಿತೋ ನೀರು ಆ ದಿಕ್ಕಿಗೆ ಹೆಚ್ಚು ಓಡಾಡಿದೆ. ಆ ಅವಧಿಯಲ್ಲಿ ನೀರು ಸಾಗುವ ದೂರ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಆರು ದಿಕ್ಕುಗಳಲ್ಲಾದರೂ ಕೇಳಬೇಕು, ಇಂದು ಮೂವತ್ತು ಅರವತ್ತು ದಿಕ್ಕು ಕೇಳುವುದು ರೂಢಿ. 1994ರಲ್ಲಿ ಬ್ಯಾಸರ್, ಮಾಟಿಯೆಲೊ ಮತ್ತು ಲ ಬಿಹಾನ್ ಈ ಉತ್ತರಗಳನ್ನು ಟೆನ್ಸರ್ ಎಂಬ ಗಣಿತದ ಚೌಕಟ್ಟಿಗೆ ಕೂಡಿಸಿದರು. ಅದರಿಂದ ಒಂದು ಸಂಖ್ಯೆ ಬರುತ್ತದೆ, ನಾನದನ್ನು ನೀರಿನ ಪಕ್ಷಪಾತ ಎನ್ನುತ್ತೇನೆ. 0 ಎಂದರೆ ಎಲ್ಲ ದಿಕ್ಕೂ ಸಮ. 1ರ ಕಡೆ ಹೋದಷ್ಟೂ ಒಂದೇ ದಿಕ್ಕಿನ ಹಟ. ಪರದೆಯ ಮೇಲೆ ಎಡ–ಬಲಕ್ಕೆ ಹೋಗುವ ತಂತು ಕೆಂಪು, ಮುಂದೆ–ಹಿಂದೆ ಹಸಿರು, ಮೇಲೆ–ಕೆಳಗೆ ನೀಲಿ. ಈ ಬಣ್ಣಗಳನ್ನು ನಾವು ಬಳಿದದ್ದು, ಮಿದುಳಿನಲ್ಲಿ ಅವು ಇಲ್ಲ. ಬಣ್ಣದ ಚಿತ್ರ ಕಂಡು ಮಾರುಹೋಗುವವರಿಗೆ ಇದನ್ನು ಪ್ರತಿ ಸಲವೂ ಹೇಳಬೇಕಾಗುತ್ತದೆ.

ಇನ್ನು ಇಲಿಯ ಕಷ್ಟ. ಅದರ ಮಿದುಳಿನ ತೂಕ ಅರ್ಧ ಗ್ರಾಮಿಗಿಂತ ಕಡಿಮೆ, ಹುರಿದ ಕಾಫಿ ಬೀಜ ಮೂರು ನಾಲ್ಕು ಇಟ್ಟರೆ ಸರಿಹೋಗುತ್ತದೆ. ಮನುಷ್ಯನ ಮಿದುಳನ್ನು ಎರಡು ಮಿಲಿಮೀಟರ್ ಅಂಚಿನ ಘನ ಚೌಕಳಿಗಳಾಗಿ ನೋಡಿದರೆ ಸಾಕು. ಇಲಿಯದನ್ನು 0.1 ಮಿಲಿಮೀಟರಿಗಾದರೂ ಇಳಿಸಬೇಕು. ಅಂಚು ಇಪ್ಪತ್ತರಲ್ಲಿ ಒಂದಾದರೆ ಒಳಗಿನ ನೀರು 8,000ದಲ್ಲಿ ಒಂದಾಗುತ್ತದೆ, ಸಂಕೇತವೂ ಅಷ್ಟೇ ಕ್ಷೀಣ. ಅದಕ್ಕೇ ಭೂಮಿಯ ಕಾಂತಕ್ಷೇತ್ರದ ಎರಡು ಲಕ್ಷ ಪಟ್ಟು ಮೀರಿದ ಅಯಸ್ಕಾಂತ, ತಲೆಗೆ ತಾಗುವಂತೆ ಕೂರಿಸುವ ಪುಟ್ಟ ಆಂಟೆನಾ, ಜೊತೆಗೆ ಬೇಕಾದಷ್ಟು ತಾಳ್ಮೆ. ಬದುಕಿರುವ ಇಲಿಗೆ ಅರಿವಳಿಕೆ ಕೊಟ್ಟು, ತಲೆ ಅಲುಗದಂತೆ ಹಿಡಿದು, ಬೆಚ್ಚಗಿಟ್ಟು, ಉಸಿರಾಟವನ್ನು ಪರದೆಯ ಮೇಲೆ ನೋಡುತ್ತಾ ಒಂದೆರಡು ಗಂಟೆ ಕೂರುತ್ತೇವೆ. ಮರಿ ಚಿಕ್ಕದಾದಷ್ಟೂ ಬೇಗ ತಣ್ಣಗಾಗುತ್ತದೆ. ಮೊದಲ ವಾರದ ಮರಿಗಳ ಸ್ಕ್ಯಾನ್ ಇರುವ ದಿನ ನನಗೆ ಊಟ ಸೇರುವುದಿಲ್ಲ.

ಹೆಚ್ಚು ಸೂಕ್ಷ್ಮ ಚಿತ್ರ ಬೇಕಾದಾಗ ಸತ್ತ ಮೇಲೆ ತೆಗೆದು ಸಂರಕ್ಷಿಸಿದ ಮಿದುಳನ್ನು ಕೊಳವೆಯಲ್ಲಿಟ್ಟು ರಾತ್ರಿಯಿಡೀ ಸ್ಕ್ಯಾನ್ ಮಾಡುತ್ತೇವೆ. ಕೊಳವೆಗೆ ಹೈಡ್ರೋಜನ್ ಇಲ್ಲದ, ಫ್ಲೋರಿನ್ ಇರುವ ಒಂದು ದ್ರವ ತುಂಬುತ್ತೇವೆ. ಅದಕ್ಕೆ ಸಂಕೇತವಿಲ್ಲದ್ದರಿಂದ ಹಿನ್ನೆಲೆ ಕಪ್ಪಾಗಿರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೆ ಹದಿನಾಲ್ಕು ಗಂಟೆಯ ಸ್ಕ್ಯಾನ್ ಹಚ್ಚಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಎರಡೂ ಗೋಳಾರ್ಧಗಳನ್ನು ಕೂಡಿಸುವ ಸೇತುವೆ, ಕಾರ್ಪಸ್ ಕೆಲೋಸಮ್, ಒಂದು ಕಡೆ ಸೊಟ್ಟಗೆ ಬಾಗಿ ಮಾಯವಾಗಿದೆ. ಹೊಸ ಸಂಗತಿ ಕಂಡುಹಿಡಿದೆ ಎಂದು ಅರ್ಧ ಗಂಟೆ ಸಂಭ್ರಮಪಟ್ಟೆ. ಕೊಳವೆ ತೆಗೆದು ನೋಡಿದರೆ ಸಾಸಿವೆ ಗಾತ್ರದ ಒಂದು ಗಾಳಿಗುಳ್ಳೆ. ಗಾಳಿಯ ಸುತ್ತ ಕಾಂತಕ್ಷೇತ್ರ ಡೊಂಕಾಗುತ್ತದೆ, ಚಿತ್ರವೂ ಡೊಂಕಾಗುತ್ತದೆ.

ಇಷ್ಟೆಲ್ಲ ಮಾಡಿ ಕಂಡದ್ದೇನು? ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ತಂದದ್ದು ಮಿದುಳಿನ ಹೊರಪದರ, ಕಾರ್ಟೆಕ್ಸ್. ಅದು ಕಟ್ಟಿಕೊಳ್ಳುವಾಗ ಹೊಸ ನರಕೋಶಗಳು ಒಳಗಿನಿಂದ ಹೊರಕ್ಕೆ ಏರಬೇಕು. ಏರಲು ಅವಕ್ಕೆ ಗ್ಲಿಯಾ ಎಂಬ ಪೋಷಕ ಕೋಶಗಳ ನೆಟ್ಟನೆಯ ಎಳೆಗಳ ಆಸರೆ ಇದೆ. ಸಕಲೇಶಪುರದ ತೋಟಗಳಲ್ಲಿ ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬುವಂತೆ ಅವು ಹತ್ತಿಕೊಂಡು ಹೋಗುತ್ತವೆ. ಆ ಹಂತದಲ್ಲಿ ನೋಡಿದರೆ ಕಾರ್ಟೆಕ್ಸಿನ ನೀರು ಮೇಲೆ–ಕೆಳಗೆ ಮಾತ್ರ ಓಡಾಡುತ್ತಿರುತ್ತದೆ, ಪಕ್ಷಪಾತ ಎದ್ದು ಕಾಣುತ್ತದೆ. ಆಮೇಲೆ ನರಕೋಶಗಳು ಎಲ್ಲ ಕಡೆಗೂ ಕೊಂಬೆ ಚಾಚುತ್ತವೆ, ಆಸರೆಯ ಎಳೆಗಳು ಕರಗುತ್ತವೆ, ಕಾಫಿ ಗಿಡದ ರೆಕ್ಕೆಗಳು ಬೆಳೆದು ಸಾಲು ಮುಚ್ಚಿಹೋದ ತೋಟದಂತಾಗುತ್ತದೆ. ಹುಟ್ಟಿದ ಮೊದಲ ವಾರಗಳಲ್ಲೇ ಆ ಪಕ್ಷಪಾತ ಇಳಿದು ಅಳಿಸಿಹೋಗುತ್ತದೆ. ಅದೇ ಹೊತ್ತಿಗೆ ಅದರ ಕೆಳಗಿನ ಬಿಳಿ ದ್ರವ್ಯದಲ್ಲಿ ಸಂಖ್ಯೆ ಏರುತ್ತಿರುತ್ತದೆ. ಒಂದೇ ಮಿದುಳು, ಒಂದೇ ವಾರ. ಒಂದು ಕಡೆ ಸಂಖ್ಯೆ ಇಳಿದದ್ದೂ ಬೆಳವಣಿಗೆ, ಇನ್ನೊಂದು ಕಡೆ ಏರಿದ್ದೂ ಬೆಳವಣಿಗೆ. ಪರೀಕ್ಷೆಯ ಅಂಕದಂತೆ ಸಂಖ್ಯೆ ಹೆಚ್ಚಿದಷ್ಟೂ ಒಳ್ಳೆಯದು ಎಂದುಕೊಂಡವರು ಇಲ್ಲಿ ಎಡವುತ್ತಾರೆ.

ಬಿಳಿ ದ್ರವ್ಯದಲ್ಲಿ ಪಕ್ಷಪಾತ ಏರುವುದು ಮಯಲಿನ್‌ನಿಂದಲೇ ಎಂದು ಬಹಳ ಮಂದಿ ನಂಬಿದ್ದರು. ನಂಬಲು ಸುಲಭವಾದ ಮಾತು. 1994ರಲ್ಲಿ ಬೋಲ್ಯೂ ಮತ್ತು ಆಲನ್ ಗಾರ್ ಎಂಬ ಮೀನಿನ ವಾಸನೆಯ ನರವನ್ನು ಅಳೆದರು. ಆ ನರಕ್ಕೆ ಮಯಲಿನ್ ಇಲ್ಲವೇ ಇಲ್ಲ. ಆದರೂ ನೀರಿನ ಪಕ್ಷಪಾತ ಗಟ್ಟಿಯಾಗಿಯೇ ಇತ್ತು. ಅಂದರೆ ಒತ್ತೊತ್ತಾಗಿ ಸಾಲು ನಿಂತ ತಂತುಗಳ ಗೋಡೆಗಳೇ ಸಾಕು. ಮಯಲಿನ್ ಅದನ್ನು ಹೆಚ್ಚಿಸುತ್ತದೆ, ಹುಟ್ಟಿಸುವುದಿಲ್ಲ. ಮಯಲಿನ್ ಬರುವ ಮುಂಚೆಯೇ ಇಲಿಮರಿಯ ತಂತು ಕಟ್ಟುಗಳು ನಮಗೆ ಬಣ್ಣದಲ್ಲಿ ಕಾಣುವುದು ಇದರಿಂದಲೇ.

ಹಾಗಾದರೆ ಮಯಲಿನ್‌ನ ಪಾಲೆಷ್ಟು? ಇದನ್ನು ಕೇಳಲು ಒಂದು ವಿಶೇಷ ಇಲಿ ಇದೆ. ಇಂಗ್ಲಿಷಿನಲ್ಲಿ ಶಿವರರ್ ಎನ್ನುತ್ತಾರೆ, ನಾವು ನಡುಕದ ಇಲಿ ಎನ್ನೋಣ. ಮಯಲಿನ್‌ನ ಸುತ್ತುಗಳನ್ನು ಒಂದಕ್ಕೊಂದು ಬಿಗಿಯುವ ಪ್ರೋಟೀನಿನ ಜೀನ್ ಅದರಲ್ಲಿ ಕೆಟ್ಟಿರುತ್ತದೆ. ತಂತುಗಳಿವೆ, ಹೊದಿಕೆ ಗಟ್ಟಿಯಾಗುವುದಿಲ್ಲ. ಮರಿ ನಡೆಯುವ ವಯಸ್ಸಿಗೆ ಬಂದಾಗ ನಡುಗಲು ಶುರುಮಾಡುತ್ತದೆ, ಮುಂದೆ ಸೆಳವು ಬರುತ್ತದೆ, ಕೆಲವೇ ತಿಂಗಳಲ್ಲಿ ಸಾಯುತ್ತದೆ. 2002ರಲ್ಲಿ ಸಾಂಗ್ ಮತ್ತು ಸಂಗಡಿಗರು ಅದರ ಮಿದುಳನ್ನು ಅಳೆದಾಗ ತಂತುವಿನ ಉದ್ದಕ್ಕೆ ನೀರಿನ ನಡೆ ಆರೋಗ್ಯವಂತ ಇಲಿಯಂತೆಯೇ ಇತ್ತು, ಅಡ್ಡಕ್ಕೆ ಮಾತ್ರ ಹೆಚ್ಚಿತ್ತು. ಕಟಕಟೆ ನಿಂತಿದೆ, ಆದರೆ ಸಂದು ಬಿಟ್ಟಿದೆ. ಒಂದೇ ಪಕ್ಷಪಾತದ ಸಂಖ್ಯೆಯನ್ನು ಒಡೆದು ಉದ್ದದ ನಡೆ, ಅಡ್ಡದ ನಡೆ ಎಂದು ಎರಡಾಗಿ ಓದುವ ಅಭ್ಯಾಸ ಇಂಥ ಕೆಲಸಗಳಿಂದ ಗಟ್ಟಿಯಾಯಿತು. ಮನುಷ್ಯರಲ್ಲಿ ಮಯಲಿನ್ ಕಳಚುವ ಕಾಯಿಲೆಗಳನ್ನು ಅಭ್ಯಾಸ ಮಾಡುವವರಿಗೆ ಈ ಓದು ಬೇಕಾಗುತ್ತದೆ.

ಅರಕಲಗೂಡಿನ ಹಿರಿಯರಿಗೆ ನಾನು ಕೊಡಬೇಕಾಗಿದ್ದ ಉತ್ತರ ಇಲ್ಲಿದೆ. ನೀರು ಸಾಕ್ಷಿ. ಅದು ಹೇಳುವುದು ‘ನಾನು ಇತ್ತ ಹೆಚ್ಚು ಓಡಾಡಿದೆ’ ಎಂದು ಮಾತ್ರ. ಯಾಕೆ ಎಂದು ಅದಕ್ಕೆ ಗೊತ್ತಿಲ್ಲ. ಸಾಕ್ಷಿಯನ್ನು ಪಾಟೀಸವಾಲು ಮಾಡಬೇಕಾದರೆ ಚಿತ್ರದ ಪಕ್ಕದಲ್ಲಿ ನಿಜವಾದ ಅಂಗಾಂಶವಿಟ್ಟು ಹೋಲಿಸಬೇಕು. ಮಗುವಿನ ಮಿದುಳನ್ನು ಸ್ಕ್ಯಾನ್ ಮಾಡಬಹುದು, ಮಾರನೆಯ ದಿನ ಕತ್ತರಿಸಿ ತಾಳೆ ನೋಡಲಾಗದು. ಇಲಿಯಲ್ಲಿ ಅದು ಸಾಧ್ಯ, ಜೊತೆಗೆ ಒಂದೇ ಒಂದು ಜೀನ್ ಬದಲಾದ ಇಲಿಯೂ ಸಿಗುತ್ತದೆ. ನಿಮ್ಮ ಮನೆಯ ಮಗುವಿನ ಸ್ಕ್ಯಾನಿನಲ್ಲಿ ವೈದ್ಯರು ಓದುವ ಮಾತಿನ ವ್ಯಾಕರಣವನ್ನು ನಾವು ಇಲಿಯಲ್ಲಿ ತಿದ್ದುತ್ತಿದ್ದೇವೆ.

ತಿದ್ದಬೇಕಾದದ್ದು ಬೇಕಾದಷ್ಟಿದೆ. 0.1 ಮಿಲಿಮೀಟರಿನ ಚೌಕಳಿಯೊಳಗೂ ಸಾವಿರಾರು ತಂತುಗಳಿರುತ್ತವೆ. ಅವೆಲ್ಲ ಒಂದೇ ಕಡೆ ಹೊರಟಿದ್ದರೆ ಸರಿ. ಎರಡು ಕಟ್ಟುಗಳು ಅಡ್ಡಹಾಯ್ದಾಗ ಹಾಸನದ ಎನ್.ಆರ್. ವೃತ್ತದ ಕಥೆಯಾಗುತ್ತದೆ: ವಾಹನಗಳ ಓಡಾಟದ ಸರಾಸರಿ ತೆಗೆದರೆ ಅಲ್ಲಿ ರಸ್ತೆಯೇ ಇಲ್ಲ, ಬಯಲಿದೆ ಎಂದು ಲೆಕ್ಕ ಹೇಳುತ್ತದೆ. ಚೌಕಳಿಯಿಂದ ಚೌಕಳಿಗೆ ದಿಕ್ಕು ಹಿಡಿದು ಗೆರೆ ಎಳೆಯುವ ವಿಧಾನಕ್ಕೆ ಟ್ರ್ಯಾಕ್ಟೊಗ್ರಫಿ ಎಂದು ಹೆಸರು. ಪತ್ರಿಕೆಗಳಲ್ಲಿ ಬರುವ ಬಣ್ಣಬಣ್ಣದ ಜಡೆಯಂಥ ಮಿದುಳಿನ ಚಿತ್ರಗಳು ಅದರವು. 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, 25 ಕಟ್ಟುಗಳು ಎಲ್ಲೆಲ್ಲಿವೆ ಎಂದು ಮೊದಲೇ ಗೊತ್ತಿದ್ದ ಕೃತಕ ದತ್ತಾಂಶವನ್ನು 20 ಸಂಶೋಧನಾ ತಂಡಗಳಿಗೆ ಕೊಟ್ಟರು. 96 ಉತ್ತರಗಳು ಬಂದವು. ಇದ್ದ ಕಟ್ಟುಗಳಲ್ಲಿ ಹೆಚ್ಚಿನವನ್ನು ತಂಡಗಳು ಹಿಡಿದವು. ಜೊತೆಗೆ ಇಲ್ಲದ ಕಟ್ಟುಗಳನ್ನು ಅದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಎಳೆದಿದ್ದವು! ಇಲಿಯಲ್ಲಾದರೆ ಇದಕ್ಕೆ ಮದ್ದಿದೆ. ಹೊಳೆಯುವ ಪ್ರೋಟೀನ್ ಹೊತ್ತ ವೈರಸ್ಸನ್ನು ಒಂದು ಜಾಗಕ್ಕೆ ಚುಚ್ಚಿ ತಂತುಗಳು ಎಲ್ಲೆಲ್ಲಿಗೆ ಹೋದವೆಂದು ನೋಡಬಹುದು. 2014ರಲ್ಲಿ ಅಮೆರಿಕದ ಆಲನ್ ಸಂಸ್ಥೆ ಇಡೀ ಇಲಿ ಮಿದುಳಿಗೆ ಅಂಥ ನಕ್ಷೆ ಪ್ರಕಟಿಸಿತು. ಈಗ ನಮ್ಮ ಗೆರೆಗಳನ್ನು ಅದರ ಮೇಲಿಟ್ಟು ಸುಳ್ಳು ಯಾವುದು ಎಂದು ಹುಡುಕಬಹುದು. ಆ ಹುಡುಕಾಟ ಕೆಲವು ಸಲ ನಾಚಿಕೆಯನ್ನೂ ತರುತ್ತದೆ.

ಪ್ರಶ್ನೆಗಳ ಹೊತ್ತಿನಲ್ಲಿ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ನೇರವಾಗಿ ಕೇಳಿದಳು: ‘ಸ್ಕ್ಯಾನಿಗೆ ನೋವಿಲ್ಲ ಎಂದಿರಿ. ಕೊನೆಗೆ ಇಲಿ ಬದುಕುತ್ತದೆಯೇ?’ ಹೆಚ್ಚಿನವು ಬದುಕುವುದಿಲ್ಲ. ಪ್ರಾಣಿ ಹಿಂಸೆ ತಡೆಯ 1960ರ ಕಾಯ್ದೆಯ ಅಡಿ ಕೇಂದ್ರ ಸರ್ಕಾರದ ಸಮಿತಿಯೊಂದಿದೆ. ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಇರಬೇಕು, ಎಷ್ಟು ಇಲಿ, ಯಾಕೆ, ಕಡಿಮೆಯಾದರೆ ಆಗದೇ ಎಂದು ಅವರಿಗೆ ಉತ್ತರ ಕೊಡಬೇಕು. ಒಂದೇ ಇಲಿಯನ್ನು ನಾಲ್ಕು ವಯಸ್ಸಿನಲ್ಲಿ ಸ್ಕ್ಯಾನ್ ಮಾಡಿದರೆ ನಾಲ್ಕು ಗುಂಪು ಇಲಿಗಳ ಬದಲು ಒಂದು ಗುಂಪು ಸಾಕು. ಆದರೆ ತಾಳೆ ನೋಡಲು ಕೊನೆಗೆ ಮಿದುಳು ಬೇಕೇ ಬೇಕು. ಅವಳಿಗೆ ನಾನು ಇದನ್ನು ಹೀಗೆಯೇ ಹೇಳಿದೆ. ಸಮಾಧಾನವಾಯಿತೆಂದು ನನಗೆ ಅನ್ನಿಸಲಿಲ್ಲ, ಆಗಬೇಕಾದ ಅಗತ್ಯವೂ ಇಲ್ಲ.

ತೋಟದ ಮಾಲೀಕರೊಬ್ಬರು ಮೊಮ್ಮಗನಿಗೆ ಈ ಸ್ಕ್ಯಾನ್ ಮಾಡಿಸಿದರೆ ಮುಂದೆ ಎಂಜಿನಿಯರೋ ಡಾಕ್ಟರೋ ಎಂದು ತಿಳಿಯುತ್ತದೆಯೇ ಎಂದರು. ತಿಳಿಯುವುದಿಲ್ಲ, ಹಾಗೆಂದು ಹೇಳಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಕೊನೆಯ ಪ್ರಶ್ನೆ ಮೇಷ್ಟ್ರದ್ದೇ. ‘ಆ ನಡುಗುವ ಇಲಿಗೆ ಏನಾದರೂ ಮಾಡಿದಿರಾ, ಅಥವಾ ಅಳೆದು ಬಿಟ್ಟುಬಿಟ್ಟಿರಾ?’ ನಾನು ಮಾಡಿಲ್ಲ, ಬೇರೆಯವರು ಮಾಡಿದ್ದಾರೆ. 1987ರಲ್ಲೇ ಸರಿಯಾದ ಜೀನನ್ನು ಭ್ರೂಣಕ್ಕೆ ಸೇರಿಸಿ ನಡುಕವಿಲ್ಲದ ಇಲಿಗಳನ್ನು ಪಡೆದಿದ್ದರು. 2008ರಲ್ಲಿ ಇನ್ನೊಂದು ತಂಡ ಹುಟ್ಟಿದ ಕೂಡಲೇ ಮರಿಗಳ ಮಿದುಳಿಗೆ ಮನುಷ್ಯರ ಗ್ಲಿಯಾ ಮೂಲಕೋಶಗಳನ್ನು ಚುಚ್ಚಿತು. ಆ ಕೋಶಗಳು ಮಿದುಳಿನ ಉದ್ದಗಲಕ್ಕೂ ಹರಡಿ ಇಲಿಯ ತಂತುಗಳಿಗೆ ಮಯಲಿನ್ ಸುತ್ತಿದವು. ಎಲ್ಲ ಮರಿಗಳೂ ಉಳಿಯಲಿಲ್ಲ. ಉಳಿದ ಕೆಲವಕ್ಕೆ ಸೆಳವು ನಿಂತಿತು, ಸಾಯಬೇಕಿದ್ದ ವಯಸ್ಸು ದಾಟಿ ಅವು ಬಹಳ ಕಾಲ ಬದುಕಿದವು.

‘ಮನುಷ್ಯರ ಹೊದಿಕೆ ಹೊದ್ದು?’ ಎಂದರು ಮೇಷ್ಟ್ರು. ಹೌದು ಎಂದೆ. ಅವರು ಕುಳಿತುಕೊಂಡು ಪಕ್ಕದವರಿಗೆ ಏನೋ ಹೇಳಿ ನಕ್ಕರು. ಏನೆಂದು ನನಗೆ ಕೇಳಿಸಲಿಲ್ಲ.